ಬಯಲು ಸಂಗೀತಕ್ಕೆ ಜನರೇಟರಿನ ವಿದ್ಯುತ್ತು

ನಮ್ಮ ಶಾಲೆಯಲ್ಲಿ ಓದಿ ಹೊರಟ ಸಹೋದರಿಯರಲ್ಲಿ ಅನೇಕರು ಇಂದು ತಮ್ಮ ಊರುಗಳಲ್ಲಿ ಗಾಯನಮಂಡಲಿಗಳನ್ನೂ ಮಹಿಳಾ ಸಮಾಜಗಳನ್ನೂ ನಡೆಸುವವರಾಗಿದ್ದಾರೆ. ಬಯಲಿನಲ್ಲಿ ಸಂಗೀತಕೂಟವನ್ನು ಏರ್ಪಡಿಸುವ ಭಾರವೂ ಅವರ ಮೇಲೆ ಬೀಳುವುದುಂಟು. ಆದುದರಿಂದ ಧ್ವನಿವರ್ಧಕಗಳಿಗೆ ಜನರೇಟರಿನಿಂದ ವಿದ್ಯುತ್ತನ್ನು ಒದಗಿಸುವ ಕ್ರಮವನ್ನು ಇಲ್ಲಿ ಸಂಕ್ಷೇಪವಾಗಿ ತಿಳಿಸುವೆವು.

ಕಡಬ ತಾಲೂಕಿನ ಇಚಿಲಂಪಾಡಿಯಂತಹ ಗ್ರಾಮಗಳಲ್ಲಿ ಮನೆಗಳು ತೋಟಗಳ ನಡುವೆ ದೂರದೂರವಾಗಿರುತ್ತವೆ. ಕೊಯ್ಲಾದ ಗದ್ದೆಯಲ್ಲಿ ಜನರು ನೆರೆದರೆ ವಿದ್ಯುತ್ ಕಂಬವು ಹತ್ತಿರವಿರುವುದೆಂಬ ಭರವಸೆಯಿಲ್ಲ. ಹಿಂದೆ ಯಕ್ಷಗಾನದ ಆಟಗಳು ದೊಂದಿಯ ಬೆಳಕಿನಲ್ಲಿಯೂ, ಆಮೇಲೆ ಗ್ಯಾಸ್‌ಲೈಟಿನ ಬೆಳಕಿನಲ್ಲಿಯೂ ನಡೆದುವು. ಭಾಗವತರ ಕಂಠವೇ ಗದ್ದೆಯ ಕೊನೆಯನ್ನು ಮುಟ್ಟಬೇಕಾಗಿತ್ತು. ಈಗ ಆ ಕೆಲಸವನ್ನು ಮೈಕು ಮಾಡುತ್ತದೆ. ಮೈಕಿಗೆ ಜನರೇಟರು ಆಧಾರವಾಗಿದೆ.

1831ರಲ್ಲಿ ಮೈಕೇಲ್ ಫ್ಯಾರಡೆಯು ಕಂಡುಹಿಡಿದ ತತ್ತ್ವವೇ ಇದರ ಮೂಲ. ಸುರುಳಿ ಸುತ್ತಿದ ತಂತಿಯ ಬಳಿಯಲ್ಲಿ ಅಯಸ್ಕಾಂತವು ತಿರುಗಿದರೆ ತಂತಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ನಮ್ಮ ದೇಶದ ಉಪಕರಣಗಳಿಗೆ 230 ವೋಲ್ಟು, ಸೆಕೆಂಡಿಗೆ 50 ಆವರ್ತನ ಬೇಕು. ಇದಕ್ಕಾಗಿ ಸಣ್ಣ ಪೆಟ್ರೋಲ್ ಯಂತ್ರಗಳು ಸಾಮಾನ್ಯವಾಗಿ ನಿಮಿಷಕ್ಕೆ 3000 ಸುತ್ತು, ದೊಡ್ಡ ಡೀಸೆಲ್ ಯಂತ್ರಗಳು 1500 ಸುತ್ತು ತಿರುಗುತ್ತವೆ. ಚೆಂಡೆಯ ಪೆಟ್ಟು ಬಿದ್ದಾಗ ಆಂಪ್ಲಿಫಯರು ಒಮ್ಮೆಲೆ ಹೆಚ್ಚು ವಿದ್ಯುತ್ತನ್ನೆಳೆಯುತ್ತದೆ. ಯಂತ್ರವು ಚಿಕ್ಕದಾದರೆ ಅದರ ವೇಗ ಕುಗ್ಗಿ, ದೀಪ ಮಂಕಾಗಿ, ಧ್ವನಿಯು ಒಡೆಯುತ್ತದೆ.

ಆದಕಾರಣ ಬೇಕಾದುದಕ್ಕಿಂತ ಸುಮಾರು ಎರಡರಷ್ಟು ಶಕ್ತಿಯ ಯಂತ್ರವನ್ನು ಆರಿಸುವುದು ಲೇಸು. ಎಲ್ಲ ಉಪಕರಣಗಳೂ ಸೇರಿ 1500 ವಾಟ್ ಬಳಸುವುದಾದರೆ 3 ಕೆ.ವಿ.ಎ. ಇಲ್ಲವೆ ಹೆಚ್ಚಿನದು ಯೋಗ್ಯ. ದೊಡ್ಡ ದೀಪಗಳಿಗೆ ಬೇರೆ ಯಂತ್ರವಿದ್ದರೆ ಇನ್ನೂ ಒಳ್ಳೆಯದು.

ಯಂತ್ರದ ಸದ್ದು ಹಾಡನ್ನು ಮುಳುಗಿಸದಂತೆ ಅದನ್ನು ದೂರದಲ್ಲಿಡಬೇಕು. ಆದರೆ ತಂತಿಯು ಉದ್ದವಾದಷ್ಟೂ ವೋಲ್ಟೇಜು ಇಳಿಯುತ್ತದೆ. 50 ಮೀಟರು ದೂರಕ್ಕೆ 10 ಆಂಪಿಯರ್ ಹರಿದರೆ, 1.5 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ ಸುಮಾರು 12 ವೋಲ್ಟು ನಷ್ಟವಾಗುವುದು, 2.5 ಚದರ ಮಿಲಿಮೀಟರಿನದರಲ್ಲಿ 7ರಷ್ಟು ಮಾತ್ರ.

ಎಲ್ಲಕ್ಕಿಂತ ಮುಖ್ಯವಾದುದು ಭೂಸಂಪರ್ಕ. ಧ್ವನಿವರ್ಧಕದಲ್ಲಿ ‘ಗುಂಯ್’ ಎಂಬ ಸದ್ದು ಕೇಳಿದೊಡನೆ ಕೆಲವರು ಪ್ಲಗ್ಗಿನ ಅರ್ಥಿಂಗ್ ತಂತಿಯನ್ನು ಕಳಚಿಬಿಡುತ್ತಾರೆ. ಸದ್ದು ನಿಲ್ಲಬಹುದು, ಅದರೊಡನೆ ಗಾಯಕಿಯ ರಕ್ಷಣೆಯೂ ತಪ್ಪುತ್ತದೆ. ಉಪಕರಣದೊಳಗೆ ತಂತಿಯು ಕವಚಕ್ಕೆ ತಾಗಿದ್ದರೆ, ಇಬ್ಬನಿಯಿಂದ ತೊಯ್ದ ನೆಲದಲ್ಲಿ ಬರಿಗಾಲಿನಲ್ಲಿ ನಿಂತು ಲೋಹದ ಮೈಕನ್ನು ಹಿಡಿದ ಬಾಲಿಕೆಯ ದೇಹವೇ ವಿದ್ಯುತ್ತಿಗೆ ದಾರಿಯಾದೀತು. ಈ ಸದ್ದು ಹೆಚ್ಚಾಗಿ ಉಪಕರಣಗಳು ಬೇರೆ ಬೇರೆ ಕಡೆಗಳಿಂದ ಭೂಸಂಪರ್ಕ ಪಡೆಯುವುದರಿಂದ ಹುಟ್ಟುತ್ತದೆ. ಎಲ್ಲವನ್ನೂ ಒಂದೇ ಕಡೆಯಿಂದ ಜೋಡಿಸುವುದು, ಅದು ಸಾಲದಿದ್ದರೆ ಧ್ವನಿಯ ತಂತಿಯಲ್ಲಿ ಪ್ರತ್ಯೇಕಿಸುವ ಟ್ರಾನ್ಸ್‌ಫಾರ್ಮರನ್ನು ಇಡುವುದು ಇದಕ್ಕೆ ಸರಿಯಾದ ಉಪಾಯ. ವಿದ್ಯುತ್ತು ಸೋರಿದರೆ ಕ್ಷಣಾರ್ಧದಲ್ಲಿ ಕಡಿಯುವ 30 ಮಿಲಿಆಂಪಿಯರಿನ ರಕ್ಷಕ ಸ್ವಿಚ್ಚೂ ಇರತಕ್ಕದ್ದು. ಜನರೇಟರಿನ ನ್ಯೂಟ್ರಲ್ ತಂತಿಯ ಜೋಡಣೆ ಸರಿಯಾಗಿಲ್ಲದಿದ್ದರೆ ಈ ಸ್ವಿಚ್ಚನ್ನು ನಂಬಲಾಗದು. ಆದುದರಿಂದ ಬಲ್ಲ ಎಲೆಕ್ಟ್ರಿಶಿಯನ್ನರಿಂದ ಎರಡನ್ನೂ ಮೊದಲೇ ಪರೀಕ್ಷೆ ಮಾಡಿಸಬೇಕು.

ಉಳಿದ ನಿಯಮಗಳು ಸುಲಭವಾದುವು. ಯಂತ್ರದ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡು ಬಣ್ಣವೂ ವಾಸನೆಯೂ ಇಲ್ಲದ ವಿಷವಾದುದರಿಂದ, ಯಂತ್ರವನ್ನು ಕೋಣೆಯೊಳಗಾಗಲಿ ಚಪ್ಪರದ ಮರೆಯಲ್ಲಾಗಲಿ ಇಡಲಾಗದು. ನಿಲ್ಲಿಸಿ ತಣಿಸಿದ ಬಳಿಕವೇ ಇಂಧನವನ್ನು ತುಂಬಬೇಕು. ಯಂತ್ರದ ಓಟವು ಸ್ಥಿರವಾದ ಮೇಲೆ ಉಪಕರಣಗಳನ್ನು ಜೋಡಿಸಿ, ಆಂಪ್ಲಿಫಯರನ್ನು ಕೊನೆಯಲ್ಲಿ ಚಾಲೂ ಮಾಡಬೇಕು. ಮುಗಿಸುವಾಗ ಅದನ್ನೇ ಮೊದಲು ಆರಿಸಬೇಕು. ಧ್ವನಿವರ್ಧಕಕ್ಕೆ ಅಧಿಕಾರಿಗಳ ಅನುಮತಿ ಅಗತ್ಯ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳಂತೆ ವಿಶೇಷ ವಿನಾಯಿತಿಯಿಲ್ಲದೆ ರಾತ್ರಿ 10ರಿಂದ ಬೆಳಿಗ್ಗೆ 6ರ ವರೆಗೆ ಬಯಲಿನಲ್ಲಿ ಅದನ್ನು ಬಳಸಲಾಗದು.

ತಂದೆತಾಯಂದಿರು ತಮ್ಮ ಮಕ್ಕಳನ್ನು ವೇದಿಕೆಗೆ ಕಳುಹಿಸುವಾಗ ಏರ್ಪಡಿಸಿದವರಲ್ಲಿ ವಿಶ್ವಾಸವಿಟ್ಟು ಕಳುಹಿಸುತ್ತಾರೆ. ಹಾಡು ಆರಂಭವಾಗುವ ಮೊದಲೇ ಭೂಸಂಪರ್ಕದ ತಂತಿಯನ್ನು ನೋಡಿ ಬರುವವಳು ಆ ವಿಶ್ವಾಸಕ್ಕೆ ತಕ್ಕವಳು. ನಮ್ಮ ಹಳೆಯ ವಿದ್ಯಾರ್ಥಿನಿಯರು ಅಂತಹವರಾಗಲೆಂದು ಹಾರೈಸುತ್ತೇವೆ.