ಹಾರುವ ಓತಿಯನ್ನು ನೋಡುವುದು ಹೇಗೆ?

ನಮ್ಮಲ್ಲಿ ಬಹಳ ಜನ ತೋಟದ ದಾರಿಯಲ್ಲೇ ಶಾಲೆಗೆ ಬರುತ್ತೇವೆ. ಆದರೆ ಮರದಲ್ಲಿ ಏನಿದೆ ಅಂತ ನಿಂತು ನೋಡುವವರು ಕಡಿಮೆ. ಹಾರುವ ಓತಿ ಎಂಬ ಪ್ರಾಣಿ ಪಶ್ಚಿಮ ಘಟ್ಟದ ಕಾಡುಗಳಲ್ಲೂ ಅಡಿಕೆ ತೋಟಗಳಲ್ಲೂ ವಾಸಿಸುತ್ತದೆ. ನಮ್ಮ ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರು 1980ರಲ್ಲಿ ಪ್ರಕಟಿಸಿದ ‘ಕರ್ವಾಲೊ’ ಕಾದಂಬರಿಯಲ್ಲಿ ಕಾಡಿಗೆ ಹುಡುಕಿಕೊಂಡು ಹೋಗುವುದು ಇದನ್ನೇ.

ಇದು ಹಕ್ಕಿಯ ಹಾಗೆ ಹಾರುವುದಿಲ್ಲ. ಇದರ ಕೆಲವು ಪಕ್ಕೆಲುಬುಗಳು ಉದ್ದವಾಗಿ ಎರಡೂ ಕಡೆ ಹೊರಗೆ ಚಾಚಿಕೊಂಡಿವೆ. ಅವುಗಳಿಗೆ ತೆಳುವಾದ ಚರ್ಮ ಇದೆ. ಕೊಡೆಗೆ ಕಡ್ಡಿ ಮತ್ತು ಬಟ್ಟೆ ಇದ್ದ ಹಾಗೆ! ಕೂತಾಗ ಮಡಚಿಕೊಳ್ಳುತ್ತದೆ, ಹಾರುವಾಗ ಬಿಡಿಸುತ್ತದೆ. ಮೇಲಿನಿಂದ ಜಿಗಿದು ಇನ್ನೊಂದು ಮರಕ್ಕೆ ತೇಲಿಕೊಂಡು ಬರುತ್ತದೆ. ತೇಲುವಾಗ ಕೆಳಕ್ಕೆ ಇಳಿಯುವುದರಿಂದ ಆಮೇಲೆ ಪುನಃ ಮೇಲೆ ಹತ್ತಬೇಕು. ಇದರ ಮುಖ್ಯ ಆಹಾರ ಇರುವೆ.

ಇದರ ಬಣ್ಣ ಮರದ ತೊಗಟೆಯ ಹಾಗೇ ಇರುತ್ತದೆ. ಆದ್ದರಿಂದ ಓಡಾಡುತ್ತಾ ಹುಡುಕಿದರೆ ಗೊತ್ತಾಗಲ್ಲ. ಬಿಸಿಲು ಬಂದ ಮೇಲೆ ಇರುವೆ ಸಾಲು ಇರುವ ಒಂದು ಮರ ಆರಿಸಿಕೊಳ್ಳಿ. ಮಾತಾಡದೆ ಹತ್ತು ನಿಮಿಷ ನಿಲ್ಲಿ. ಗಂಡು ಓತಿ ಗಂಟಲ ಕೆಳಗಿನ ಹಳದಿ ಚರ್ಮವನ್ನು ಆಗಾಗ ಚಾಚುತ್ತದೆ. ಆಗ ಕಣ್ಣಿಗೆ ಬೀಳುತ್ತದೆ. ಒಣಗಿದ ಎಲೆ ಉದುರಿದ ಹಾಗೆ ಕಂಡು, ನೆಲಕ್ಕೆ ಬೀಳದೆ ಪಕ್ಕದ ಮರಕ್ಕೆ ಅಂಟಿಕೊಂಡರೆ ಅದೇ ಹಾರುವ ಓತಿ! ಓತಿ ಕಾಣದಿದ್ದರೂ ನಿಂತಿದ್ದು ದಂಡ ಆಗಲ್ಲ. ಎಲೆ ಹೊಲಿದು ಮಾಡಿದ ಚಗಳಿ ಗೂಡು ಕಾಣಬಹುದು, ಕುಟ್ರುಹಕ್ಕಿ ಕೂಗುವುದು ಕೇಳಬಹುದು.

ಕೆಲವು ಹುಡುಗರು ಓತಿಕ್ಯಾತ ಕಂಡರೆ ಸಾಕು ಕಲ್ಲು ಹೊಡೆಯುತ್ತಾರೆ. ಕಚ್ಚಿದರೆ ವಿಷ ಅಂತಲೂ ಹೇಳುತ್ತಾರೆ. ಹಾರುವ ಓತಿಗೆ ವಿಷ ಇಲ್ಲ. ಹೆಣ್ಣು ಓತಿ ಮಣ್ಣಿನಲ್ಲಿ ಮೊಟ್ಟೆ ಇಡಲು ನೆಲಕ್ಕೆ ಇಳಿಯುತ್ತದೆ. ಆಗ ಅದು ತಪ್ಪಿಸಿಕೊಳ್ಳುವುದು ಕಷ್ಟ. ಅದನ್ನು ಹೊಡೆದರೆ ಮೊಟ್ಟೆಯೂ ಹೋಯಿತು, ಮರಿಯೂ ಹೋಯಿತು.

ಇನ್ನೊಂದು ವಿಷಯ. ಕಾಫಿಗೆ ಬೆಳಕು ಬೇಕು, ಅದಕ್ಕೆ ಮರಗಸಿ ಮಾಡಲೇಬೇಕು. ಆದರೆ ದೊಡ್ಡ ಮರಗಳನ್ನು ಬುಡ ಸಮೇತ ಕಡಿದರೆ ಮರದಿಂದ ಮರಕ್ಕೆ ದೂರ ಜಾಸ್ತಿ ಆಗುತ್ತದೆ. ಆಗ ಓತಿ ತೇಲಿ ಹೋಗುವುದು ಎಲ್ಲಿಗೆ? ಮನೆಯಲ್ಲಿ ಮರ ಕಡಿಯುವ ಮಾತು ಬಂದಾಗ ಇದನ್ನು ಹೇಳಿ.

ಗೆಳೆಯರೇ, ಹಾರುವ ಓತಿ ಕಂಡರೆ ಹಿಡಿಯಬೇಡಿ. ಕಂಡ ದಿನಾಂಕ, ಜಾಗ, ಮರದ ಹೆಸರು ಬರೆದು ತನ್ನಿ. ಮುಂದಿನ ಗೋಡೆ ಪತ್ರಿಕೆಯಲ್ಲಿ ಎಲ್ಲವನ್ನೂ ಸೇರಿಸಿ ಪಟ್ಟಿ ಹಾಕೋಣ.

– 7ನೇ ತರಗತಿ