ಹತ್ತನೆಯ ತರಗತಿ: ಒಂದು ವಿಷಯದಲ್ಲಿ ನಿಂತ ಮಕ್ಕಳು

ಎಸ್.ಎಸ್.ಎಲ್.ಸಿ. ಫಲಿತಾಂಶ ಹೊರಬೀಳುವ ಕಾಲವೂ ನಮ್ಮ ಸೀಮೆಯ ಮದುವೆಗಳ ಕಾಲವೂ ಒಂದೇ. ಇದು ಹೆಣ್ಣುಮಕ್ಕಳಿಗೆ ಒಳಿತನ್ನು ಮಾಡಿಲ್ಲ. ಗಣಿತದಲ್ಲಿಯೋ ವಿಜ್ಞಾನದಲ್ಲಿಯೋ ಅನುತ್ತೀರ್ಣಳಾದ ಮಗಳ ಓದು ಅಲ್ಲಿಗೆ ತೀರಿತೆಂದು ಹಿರಿಯರು ನಿರ್ಧರಿಸಿಬಿಡುತ್ತಾರೆ. ಮಗನಾದರೆ ಅಂಗಡಿಯ ಗಲ್ಲೆಗೋ ಹೊಲಕ್ಕೋ ಕಳುಹಿಸುತ್ತಾರೆ. ಹದಿನೆಂಟು ತುಂಬದ ಹುಡುಗಿಯ ವಿವಾಹ ಕಾನೂನಿಗೆ ವಿರುದ್ಧವೆಂಬುದು ಹಾಗಿರಲಿ. ಆ ಮಗುವಿನ ಪರೀಕ್ಷೆಯೇ ಇನ್ನೂ ಮುಗಿದಿರುವುದಿಲ್ಲವೆಂಬುದನ್ನು ಎಷ್ಟು ಮನೆಗಳವರು ಬಲ್ಲರು?

2023-24ನೆಯ ಸಾಲಿನಿಂದ ಕರ್ನಾಟಕದಲ್ಲಿ ಹಿಂದಿನ ಪೂರಕ ಪರೀಕ್ಷೆಯ ಪದ್ಧತಿಯನ್ನು ಕೈಬಿಟ್ಟು, ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳನ್ನು ನಡೆಸುವ ಕ್ರಮವನ್ನು ತಂದರು. ಉತ್ತೀರ್ಣವಾದ ವಿಷಯಗಳನ್ನು ಮತ್ತೆ ಬರೆಯಬೇಕಾಗಿಲ್ಲ. ಉಳಿದುದನ್ನಷ್ಟೇ ಬರೆದರೆ ಸಾಕು. ಅಂಕ ಹೆಚ್ಚಿಸಿಕೊಳ್ಳಲೆಂದು ಉತ್ತೀರ್ಣರಾದವರೂ ಕುಳಿತುಕೊಳ್ಳಬಹುದು, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ‘ಪೂರಕ’ವೆಂಬ ಹಣೆಪಟ್ಟಿ ಹೋದದ್ದೇ ನಮಗೆ ದೊಡ್ಡ ಸಮಾಧಾನ.

ಅಂಕಗಳ ಲೆಕ್ಕವನ್ನೂ ಪಾಲಕರು ಅರಿತಿರಬೇಕು. ಒಟ್ಟು ಅಂಕ 625. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ ನೂರು. ಆ ನೂರರಲ್ಲಿ 80 ಲಿಖಿತ ಪರೀಕ್ಷೆಗೆ, 20 ಶಾಲೆಯವರೇ ನೀಡುವ ಆಂತರಿಕ ಮೌಲ್ಯಮಾಪನಕ್ಕೆ. ಪ್ರಥಮ ಭಾಷೆಯಲ್ಲಿ 100 ಮತ್ತು 25. ಮೊದಲು ಶೇಕಡಾ 35 ಬೇಕಾಗಿತ್ತು. 2025ರ ಅಕ್ಟೋಬರಿನಲ್ಲಿ ಸರ್ಕಾರವು, 2025-26ನೆಯ ಸಾಲಿನಿಂದ ಒಟ್ಟಾರೆ ಶೇಕಡಾ 33, ಅಂದರೆ 206 ಅಂಕ ಬಂದು, ಪ್ರತಿ ವಿಷಯದಲ್ಲಿ ಕನಿಷ್ಠ ಶೇಕಡಾ 30 ಇದ್ದರೆ ಉತ್ತೀರ್ಣವೆಂದು ಪ್ರಕಟಿಸಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಆರೂ ವಿಷಯಗಳಲ್ಲಿ ಮೂವತ್ತರ ಗೆರೆಯನ್ನಷ್ಟೇ ಮುಟ್ಟಿದ ಹುಡುಗನ ಮೊತ್ತ 188 ಆಗುತ್ತದೆ. 206ಕ್ಕೆ ಇನ್ನೂ 18 ಬೇಕು, ಅವನು ತೇರ್ಗಡೆಯಾಗಲಾರ. ಆದರೆ ಗಣಿತದಲ್ಲಿ ಹೇಗೋ ಮೂವತ್ತು ಮುಟ್ಟಿದವನು ಕನ್ನಡದಲ್ಲಿ ಅರುವತ್ತು ತಂದನೆಂದರೆ ಆ ಕೊರತೆ ಅಲ್ಲಿಯೇ ತುಂಬುತ್ತದೆ. ತಾಯಿನುಡಿಯನ್ನು ‘ಅದೇನು, ಓದದಿದ್ದರೂ ಬರುತ್ತದೆ’ ಎಂದು ಬದಿಗೆ ಸರಿಸುವ ಮನೆಗಳು ಇದನ್ನು ಗಮನಿಸಲಿ. ಗಣಿತದಲ್ಲಿ ಮೂವತ್ತು ಪಡೆದವನು ಗಣಿತವನ್ನು ಬಲ್ಲನೆಂದು ನಾವು ಹೇಳಲಾರೆವು. ಗೆರೆಯನ್ನು ತಗ್ಗಿಸಿದ ಮಾತ್ರಕ್ಕೆ ವಿದ್ಯೆ ಹೆಚ್ಚುವುದಿಲ್ಲ. ಆದರೂ ಒಂದು ಲೆಕ್ಕ ತಪ್ಪಿದ್ದಕ್ಕೆ ಇಡೀ ಬಾಳಿನ ಬಾಗಿಲು ಮುಚ್ಚುವುದು ಯಾವ ನ್ಯಾಯ?

2024ರಲ್ಲಿ ಪರೀಕ್ಷಾ ಕೊಠಡಿಗಳ ಮೇಲೆ ಕ್ಯಾಮೆರಾ ಕಣ್ಣಿಟ್ಟಾಗ, 2023ರಲ್ಲಿ 83.89 ಇದ್ದ ಶೇಕಡಾವಾರು ಫಲಿತಾಂಶ 73.40ಕ್ಕೆ ಇಳಿಯಿತು, ಅದೂ ಕೃಪಾಂಕಗಳ ನೆರವಿನಿಂದ. ಮರುವರ್ಷ ಆ ಕೃಪಾಂಕವೂ ಇರಲಿಲ್ಲ. ಎಂದರೆ, ಮೊದಲ ಪರೀಕ್ಷೆಯಲ್ಲಿ ನಿಲ್ಲುವ ಮಕ್ಕಳು ಪ್ರತಿ ಊರಿನಲ್ಲಿಯೂ ಇದ್ದಾರೆ, ನಮ್ಮ ಮನೆಗಳಲ್ಲಿಯೂ ಇದ್ದಾರೆ.

ಅವರಿಗೆ ಸಿಗುವ ಕಾಲವೆಷ್ಟು? 2025ರಲ್ಲಿ ಮೇ 2ರಂದು ಫಲಿತಾಂಶ ಬಂದಿತು, ಮೇ 26ರಂದು ಎರಡನೆಯ ಪರೀಕ್ಷೆ ಆರಂಭವಾಯಿತು. ಇಪ್ಪತ್ತನಾಲ್ಕು ದಿನಗಳು! ಮೂರನೆಯದು ಜುಲೈ ತಿಂಗಳಲ್ಲಿ. ಈ ಇಪ್ಪತ್ತನಾಲ್ಕು ದಿನಗಳಲ್ಲಿ ಬೈಗುಳಕ್ಕೆ ಒಂದು ವಾರ, ಬೀಗರ ಮದುವೆಗೆ ಒಂದು ವಾರ ಕಳೆದರೆ ಮಗು ಓದುವುದೆಂದು? ಹನ್ನೆರಡನೆಯ ಶತಮಾನದಲ್ಲಿಯೇ ಹೆಣ್ಣುಮಕ್ಕಳ ಕೈಗೆ ಬರವಣಿಗೆಯನ್ನು ಕೊಟ್ಟ ಪರಂಪರೆ ನಮ್ಮದೆಂದು ವೇದಿಕೆಗಳಲ್ಲಿ ಹೇಳಿಕೊಳ್ಳುತ್ತೇವೆ. ಮನೆಯ ಮಗಳಿಗೆ ಇಪ್ಪತ್ತನಾಲ್ಕು ದಿನಗಳ ಬಿಡುವನ್ನಾದರೂ ಕೊಡಬಾರದೇ?

ಮಠಗಳ ಪ್ರಸಾದ ನಿಲಯಗಳನ್ನು ನಡೆಸುವವರಲ್ಲಿ ನಮ್ಮದೊಂದು ಬಿನ್ನಹವಿದೆ. ಮೊದಲ ಪರೀಕ್ಷೆ ಮುಗಿದೊಡನೆ ಮಕ್ಕಳನ್ನು ಊರಿಗೆ ಕಳುಹಿಸಿ ಕೊಠಡಿಗಳಿಗೆ ಬೀಗ ಹಾಕುವ ರೂಢಿ ಹಲವೆಡೆ ಇದೆ. ನಿಂತ ಮಕ್ಕಳಿಗಾಗಿ ಮೇ ತಿಂಗಳಲ್ಲಿ ಎರಡು ಕೊಠಡಿ, ಎರಡು ಹೊತ್ತಿನ ದಾಸೋಹ, ಗಣಿತ ಬಲ್ಲ ನಿವೃತ್ತ ಶಿಕ್ಷಕರೊಬ್ಬರು, ಇಷ್ಟು ಒದಗಿದರೆ ಬಹಳವಾಯಿತು. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದವರು ಏಳು ಮಂದಿ ಶಿಕ್ಷಕರೇ. ನಿವೃತ್ತ ಶಿಕ್ಷಕರಿಗೆ ನಮ್ಮ ಸಮಾಜದಲ್ಲಿ ಇಂದಿಗೂ ಬರವಿಲ್ಲ, ಕರೆಯುವವರಿಗಷ್ಟೇ ಬರ.

ವರ್ಷಗಳ ಹಿಂದೆಯೇ ಶಾಲೆ ಬಿಟ್ಟವರಿಗೂ ಮಾರ್ಗವಿದೆ. ಎನ್.ಐ.ಓ.ಎಸ್. ಎಂಬ ಕೇಂದ್ರದ ಮುಕ್ತ ಶಾಲಾ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿದರೆ ಐದು ವರ್ಷಗಳಲ್ಲಿ ಒಂಬತ್ತು ಅವಕಾಶಗಳು ಸಿಗುತ್ತವೆ. ಐದು ವಿಷಯಗಳನ್ನು ಒಂದೊಂದಾಗಿಯಾದರೂ ಮುಗಿಸಬಹುದು. ಮುಗಿಸಿದ್ದು ಲೆಕ್ಕಕ್ಕೆ ಜಮೆಯಾಗುತ್ತ ಹೋಗುತ್ತದೆ. ಮಗುವನ್ನೆತ್ತಿಕೊಂಡ ಸೊಸೆಗೆ ಇದು ಹೇಳಿಮಾಡಿಸಿದಂತಿದೆ.

ಅಂಕಗಳ ಬಗೆಗೆ ಸಂದೇಹವಿದ್ದವರು ಮೊದಲು ಉತ್ತರ ಪತ್ರಿಕೆಯ ನಕಲನ್ನು ತರಿಸಿಕೊಂಡು, ಬಳಿಕ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಬೇಕು. ಎರಡಕ್ಕೂ ದಿನಗಳ ಗಡುವಿರುತ್ತದೆ. ಎರಡನೆಯ ಪರೀಕ್ಷೆಯ ನೋಂದಣಿ ನಡೆಯುವುದು ಮಗು ಓದಿದ ಶಾಲೆಯ ಮೂಲಕವೇ. ಫಲಿತಾಂಶ ಬಂದ ಮರುದಿನ ತಂದೆಯೋ ತಾಯಿಯೋ ಮಗುವನ್ನು ಕರೆದುಕೊಂಡು ಮುಖ್ಯೋಪಾಧ್ಯಾಯರನ್ನು ಕಾಣಲಿ.