ಹೆಸರಿನ ನಾಲ್ಕಕ್ಷರ, ಹುಟ್ಟಿದ ಇಸವಿ

ಕಲಬುರಗಿಯಿಂದ ಆಳಂದಕ್ಕೆ ಹೋಗುವ ದಾರಿಯಲ್ಲಿ ಕಡಗಂಚಿ ಸಿಗುತ್ತದೆ. 2009ರಲ್ಲಿ ಆರಂಭವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ಇಲ್ಲೇ. ಪ್ರವೇಶಕ್ಕೆ ಬರುವ ಮಕ್ಕಳಿಗೆ ಸಿಯುಇಟಿ ಅರ್ಜಿಗೊಂದು, ವಿದ್ಯಾರ್ಥಿವೇತನಕ್ಕೊಂದು, ಮಿಂಚಂಚೆಗೊಂದು ಪಾಸ್‌ವರ್ಡ್ ಬೇಕು. ಬರೆದಿಟ್ಟ ಚೀಟಿ ಕಳೆದುಹೋಗುವುದೂ ಇದ್ದದ್ದೇ. ಆದರೆ ಮರೆತೇನೆಂದರೂ ಮರೆಯಲಾಗದ ಪಾಸ್‌ವರ್ಡ್ ಒಂದು ಎಲ್ಲರ ಬಳಿಯೂ ಇದೆ. ಆನ್‌ಲೈನ್ ಅಂಗಡಿಯ ಹುಡುಗ ಇ-ಆಧಾರ್ ಕಡತ ಇಳಿಸಿಕೊಂಡು, ಎದುರು ನಿಂತ ಅಜ್ಜಿಯನ್ನು ‘ಇಸ್ವಿ ಯಾವುದ್ರಿ?’ ಎಂದು ಕೇಳುತ್ತಾನೆ. ಹೆಸರು ಅವನಿಗೆ ಆಗಲೇ ಗೊತ್ತು. ಕಡತ ತೆರೆಯುತ್ತದೆ.

ಈ ಪಾಸ್‌ವರ್ಡಿನ ಸೂತ್ರ ಗುಟ್ಟಿನದಲ್ಲ, ಆಧಾರ್ ಪ್ರಾಧಿಕಾರವೇ ಪ್ರಕಟಿಸಿದ್ದು. ಇಂಗ್ಲಿಷಿನಲ್ಲಿ ಬರೆದ ಹೆಸರಿನ ಮೊದಲ ನಾಲ್ಕು ದೊಡ್ಡ ಅಕ್ಷರ, ಅದರ ನಂತರ ಹುಟ್ಟಿದ ವರ್ಷದ ನಾಲ್ಕು ಅಂಕಿ. ಒಟ್ಟು 8. ಮರೆತ ಪಾಸ್‌ವರ್ಡನ್ನು ಹುಡುಕಿಕೊಡುವ ತಂತ್ರಾಂಶ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಸೆಕೆಂಡಿಗೆ ಒಂದು ಸಾವಿರ ಊಹೆ ಮಾಡಬಲ್ಲ ಯಂತ್ರವೊಂದು ಇದೆಯೆಂದು ಇಟ್ಟುಕೊಳ್ಳೋಣ. ಸೂತ್ರ ಗೊತ್ತಿಲ್ಲ, ಎಂಟು ಸ್ಥಾನ, ಪ್ರತಿ ಸ್ಥಾನದಲ್ಲೂ 26 ಅಕ್ಷರ ಮತ್ತು 10 ಅಂಕಿಗಳಲ್ಲಿ ಯಾವುದಾದರೂ ಇರಬಹುದು ಎಂದಷ್ಟೇ ಗೊತ್ತು. ಆಗ ಒಟ್ಟು ಸಾಧ್ಯತೆಗಳು ಸುಮಾರು 2.82 ಲಕ್ಷ ಕೋಟಿ. ಎಲ್ಲವನ್ನೂ ಪರೀಕ್ಷಿಸಲು 89 ವರ್ಷ ಬೇಕು. ಈಗ ಸೂತ್ರ ಹೇಳಿಬಿಡಿ. ನಾಲ್ಕು ಅಕ್ಷರಕ್ಕೆ 4,56,976 ಜೋಡಣೆ, ನೂರು ವರ್ಷಗಳಿಗೆ ನೂರು ಇಸವಿ: ಸುಮಾರು 4.57 ಕೋಟಿ. ಹದಿಮೂರು ಗಂಟೆಯೊಳಗೆ ಮುಗಿಯಿತು. ಇನ್ನೊಂದು ಹೆಜ್ಜೆ. ಈ ಸೀಮೆಯ ಹೆಸರುಗಳೇನು ಯದ್ವಾತದ್ವಾ ಇರುವುದಿಲ್ಲ. ಶರಣಪ್ಪ, ಶರಣಬಸಪ್ಪ, ಶರಣಮ್ಮ, ಶಾರದಾ ಎಲ್ಲರ ಮೊದಲ ನಾಲ್ಕಕ್ಷರವೂ ಎಸ್-ಎಚ್-ಎ-ಆರ್. ಮಲ್ಲಪ್ಪ, ಮಲ್ಲಮ್ಮ, ಮಲ್ಲಿಕಾರ್ಜುನ ಒಂದು ಗುಂಪು. ಬಸವರಾಜ, ಬಸಮ್ಮ ಇನ್ನೊಂದು. ಇಂಥ ಐನೂರು ಆರಂಭಗಳ ಪಟ್ಟಿ ಮಾಡಿಕೊಂಡರೆ ಊಹೆಗಳು 50,000ಕ್ಕೆ ಇಳಿಯುತ್ತವೆ, ಸಮಯ 50 ಸೆಕೆಂಡಿಗೆ. ಹೆಸರು ಗೊತ್ತಿದ್ದ ನೆರೆಮನೆಯವನಿಗೆ ಯಂತ್ರವೇ ಬೇಡ. ಮುಖ ನೋಡಿ ವಯಸ್ಸು ಅಂದಾಜಿಸಿದರೆ ಸಾಕು.

ಅದೇ ಎಂಟು ಅಕ್ಷರ, ಅದೇ ಯಂತ್ರ. 89 ವರ್ಷ ಇದ್ದದ್ದು ಒಂದು ನಿಮಿಷಕ್ಕೂ ಕಡಿಮೆಯಾಯಿತು. ಪಾಸ್‌ವರ್ಡ್ ಮೊದಲಿದ್ದಂತೆಯೇ ಇದೆ. ಅದನ್ನು ಆರಿಸಿದವರ ಬಗ್ಗೆ ನಮಗಿರುವ ತಿಳಿವಳಿಕೆ ಮಾತ್ರ ಹೆಚ್ಚಿದೆ. ಈ ತಂತ್ರಾಂಶಗಳು ಊಹಿಸುವುದು ಯಂತ್ರವನ್ನಲ್ಲ, ಮನುಷ್ಯನನ್ನು.

ಹುಟ್ಟಿದ ದಿನಾಂಕವನ್ನೇ ಪಾಸ್‌ವರ್ಡ್ ಮಾಡಿಕೊಂಡವರನ್ನು ಊಹಿಸುವುದು ಇನ್ನೂ ಸಸಾರ. ದಿನ, ತಿಂಗಳು, ವರ್ಷ ಸೇರಿ ಎಂಟು ಅಂಕಿ. ನೋಡಲು ಹತ್ತು ಕೋಟಿ ಸಾಧ್ಯತೆ. ನಿಜದಲ್ಲಿ ನೂರು ವರ್ಷಕ್ಕೆ 36,600 ದಿನಾಂಕ ದಾಟುವುದಿಲ್ಲ. ಅದರಲ್ಲೂ ನಮ್ಮ ಹಳ್ಳಿಗಳಲ್ಲಿ ಮಗುವನ್ನು ಶಾಲೆಗೆ ಸೇರಿಸುವ ದಿನ ಹೆಡ್‌ಮಾಸ್ತರರು ಜೂನ್ 1 ಎಂದು ಬರೆದುಬಿಟ್ಟವರ ಒಂದು ತಲೆಮಾರೇ ಇದೆ. ಅವರ ಪಾಲಿಗೆ ಉಳಿಯುವುದು ನೂರೇ ಊಹೆ.

ಇನ್ನು ಊಹೆ ಸರಿಯೋ ತಪ್ಪೋ ಎಂದು ತಂತ್ರಾಂಶಕ್ಕೆ ಗೊತ್ತಾಗುವುದು ಹೇಗೆ? ಚೆನ್ನಾಗಿ ಕಟ್ಟಿದ ಯಾವ ವ್ಯವಸ್ಥೆಯೂ ಪಾಸ್‌ವರ್ಡನ್ನು ಇದ್ದಂತೆ ಇಟ್ಟುಕೊಳ್ಳುವುದಿಲ್ಲ. ಅದನ್ನು ಒಂದು ಗಣಿತಕ್ರಿಯೆಗೆ ಒಡ್ಡಿ, ಬಂದ ಫಲವನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಇದೇ ಹ್ಯಾಶ್. ಗಿರಣಿಯಲ್ಲಿ ಬೀಸಿದ ಹಿಟ್ಟು ಮತ್ತೆ ಜೋಳವಾಗದ ಹಾಗೆ, ಹ್ಯಾಶ್‌ನಿಂದ ಪಾಸ್‌ವರ್ಡಿಗೆ ಹಿಂದಿರುಗುವ ದಾರಿಯಿಲ್ಲ. ಆದ್ದರಿಂದ ತಂತ್ರಾಂಶ ಪ್ರತಿ ಊಹೆಯನ್ನೂ ಅದೇ ಕ್ರಿಯೆಗೆ ಒಡ್ಡಿ ಫಲಗಳನ್ನು ಹೋಲಿಸುತ್ತದೆ. ಹೊಂದಿದರೆ ಪಾಸ್‌ವರ್ಡ್ ಸಿಕ್ಕಿತು. 1996ರಲ್ಲಿ ಬಂದ ಜಾನ್ ದ ರಿಪ್ಪರ್ ಆಗಲಿ, ಈಗ ಹೆಸರುವಾಸಿಯಾಗಿರುವ ಹ್ಯಾಶ್‌ಕ್ಯಾಟ್ ಆಗಲಿ ಮಾಡುವುದು ಇದನ್ನೇ. ಮೊದಲು ಸೋರಿಕೆಯಾದ ಪಾಸ್‌ವರ್ಡುಗಳ ಪಟ್ಟಿ, ಆಮೇಲೆ ಆ ಪದಗಳಿಗೆ 123 ಅಂಟಿಸಿ, ಮೊದಲಕ್ಷರ ದೊಡ್ಡದು ಮಾಡಿ, ಎ ಇದ್ದಲ್ಲಿ @ ಹಾಕಿ ಮಾಡಿದ ರೂಪಗಳು, ಯಾವುದೂ ಫಲಿಸದಿದ್ದರೆ ಕೊನೆಗೆ ಒಂದೊಂದೇ ಅಕ್ಷರ ಜೋಡಿಸುತ್ತಾ ಹೋಗುವುದು. 2009ರಲ್ಲಿ ರಾಕ್‌ಯೂ ಎಂಬ ಕಂಪನಿಯಿಂದ ಸೋರಿದ ಸುಮಾರು 3.2 ಕೋಟಿ ಪಾಸ್‌ವರ್ಡುಗಳನ್ನು ಅದು ಹ್ಯಾಶ್ ಕೂಡ ಮಾಡದೆ ಇಟ್ಟುಕೊಂಡಿತ್ತು. ಹುಡುಕುವವರಿಗೆ ಆ ಪಟ್ಟಿ ಇಂದಿಗೂ ಮೊದಲ ಪಠ್ಯಪುಸ್ತಕ. ಅದರಲ್ಲಿ ಅತಿ ಹೆಚ್ಚು ಜನ ಇಟ್ಟುಕೊಂಡಿದ್ದ ಪಾಸ್‌ವರ್ಡ್ 123456.

ಇದೇನು ಇತ್ತೀಚಿನ ಜನರ ಸೋಮಾರಿತನವಲ್ಲ. 1979ರಲ್ಲಿ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್, ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಬಳಸುತ್ತಿದ್ದವರ 3,289 ಪಾಸ್‌ವರ್ಡುಗಳನ್ನು ಪರಿಶೀಲಿಸಿದರು. ಇವರೆಲ್ಲ ಗಣಕ ಬಲ್ಲವರು. 2,831, ಅಂದರೆ ಶೇಕಡ 86ರಷ್ಟು, ಒಂದೋ ತೀರ ಚಿಕ್ಕವು, ಇಲ್ಲವೇ ನಿಘಂಟಿನಲ್ಲಿ, ಹೆಸರುಗಳ ಪಟ್ಟಿಯಲ್ಲಿ ಸಿಗುವಂಥವು. ಇಬ್ಬರೂ ಎರಡು ಔಷಧಿ ವಿವರಿಸಿದರು. ಹ್ಯಾಶ್ ಮಾಡುವ ಕ್ರಿಯೆಯನ್ನು ಬೇಕೆಂದೇ ನಿಧಾನ ಮಾಡುವುದು ಒಂದು. ಪ್ರತಿ ಪಾಸ್‌ವರ್ಡಿಗೂ ಬೇರೆ ಬೇರೆ ಯಾದೃಚ್ಛಿಕ ಸಂಖ್ಯೆಯನ್ನು ಬೆರೆಸುವುದು ಇನ್ನೊಂದು. ಈ ಬೆರಕೆ ಇದ್ದರೆ ಇಬ್ಬರು ಒಂದೇ ಪಾಸ್‌ವರ್ಡ್ ಇಟ್ಟುಕೊಂಡರೂ ಹ್ಯಾಶ್ ಬೇರೆಯಾಗುತ್ತದೆ, ಮೊದಲೇ ಲೆಕ್ಕ ಮಾಡಿಟ್ಟ ಕೋಷ್ಟಕಗಳು ಕೆಲಸಕ್ಕೆ ಬಾರದೆ ಹೋಗುತ್ತವೆ.

ಆ ಥಾಂಪ್ಸನ್ ಸ್ವತಃ ಇಟ್ಟುಕೊಂಡಿದ್ದ ಪಾಸ್‌ವರ್ಡ್ ಬಿಎಸ್‌ಡಿ ಎಂಬ ಯುನಿಕ್ಸ್ ರೂಪದ ಹಳೆಯ ಕಡತವೊಂದರಲ್ಲಿ ಹ್ಯಾಶ್ ರೂಪದಲ್ಲಿ ಉಳಿದಿತ್ತು. ಜೊತೆಯವರವು ಒಂದೊಂದಾಗಿ ಬಿದ್ದರೂ ಅದು ಜಗ್ಗಲಿಲ್ಲ. 2019ರಲ್ಲಿ ಒಬ್ಬರು ಹ್ಯಾಶ್‌ಕ್ಯಾಟ್‌ಗೆ ಹಚ್ಚಿ, ಆಟಗಳಿಗೆ ಬಳಸುವ ಗ್ರಾಫಿಕ್ಸ್ ಕಾರ್ಡಿನಲ್ಲಿ ನಾಲ್ಕು ದಿನಕ್ಕೂ ಮೀರಿ ಓಡಿಸಿದ ಮೇಲೆ ಹೊರಬಂತು. ಅದು ಚದುರಂಗದ ಒಂದು ನಡೆ: ರಾಣಿಯ ಮುಂದಿನ ಕಾಲಾಳು ಎರಡು ಮನೆ ಮುಂದಕ್ಕೆ. ಥಾಂಪ್ಸನ್ ಚದುರಂಗ ಆಡುವ ಬೆಲ್ ಯಂತ್ರವನ್ನು ಕಟ್ಟಿದವರು. ತಿಳಿದವರು ಮನುಷ್ಯನನ್ನು ಊಹಿಸಿದ್ದರೆ ಬಹುಶಃ ನಾಲ್ಕು ದಿನ ಬೇಕಾಗುತ್ತಿರಲಿಲ್ಲ!

ಎಲ್ಲ ಬೀಗಗಳೂ ಹೀಗೆ ಪಾಸ್‌ವರ್ಡನ್ನೇ ನಂಬಿರುವುದಿಲ್ಲ ಎಂಬುದನ್ನೂ ಹೇಳಬೇಕು. ಹಳೆಯ ಎಕ್ಸೆಲ್‌ನಲ್ಲಿ ‘ಶೀಟ್ ಪ್ರೊಟೆಕ್ಟ್’ ಮಾಡಿದಾಗ ಕಡತ ಗೂಢಲಿಪಿಗೆ ತಿರುಗುವುದೇ ಇಲ್ಲ. ಪಾಸ್‌ವರ್ಡಿನ 16 ಬಿಟ್ಟಿನ ಒಂದು ಗುರುತು ಮಾತ್ರ ಉಳಿಯುತ್ತದೆ. ಅಂಥ ಗುರುತುಗಳು 65,536ಕ್ಕಿಂತ ಹೆಚ್ಚಿರಲು ಸಾಧ್ಯವಿಲ್ಲ. ಹಾಗಾಗಿ ನಿಮ್ಮದಲ್ಲದ ಬೇರೊಂದು ಪದವೂ ಆ ಬೀಗ ತೆಗೆಯುತ್ತದೆ. ವರ್ಡ್ 97ರ ಕಾಲದ ಕಡತಗಳಲ್ಲಿ ಗೂಢಲಿಪಿ ಇತ್ತು, ಆದರೆ ಕೀಲಿ 40 ಬಿಟ್ಟಿನದು: ಸುಮಾರು 1.1 ಲಕ್ಷ ಕೋಟಿ ಸಾಧ್ಯತೆ. ಪಾಸ್‌ವರ್ಡ್ ಎಷ್ಟೇ ಜಾಣತನದ್ದಿರಲಿ, ಇಂದಿನ ಯಂತ್ರ ನೇರವಾಗಿ ಕೀಲಿಯನ್ನೇ ಹುಡುಕಿಬಿಡುತ್ತದೆ. 2013ರ ಆಫೀಸ್‌ಗೆ ಬರುವ ಹೊತ್ತಿಗೆ ಒಂದು ಊಹೆಗೆ ಒಂದು ಲಕ್ಷ ಸಲ ಹ್ಯಾಶ್ ಮಾಡಬೇಕಾದ ಏರ್ಪಾಡು ಆಗಿತ್ತು. ‘ಯಾವ ಕಡತವನ್ನಾದರೂ ತೆರೆಯುತ್ತೇವೆ’ ಎಂಬ ಜಾಹೀರಾತುಗಳು ಮುಚ್ಚಿಡುವ ವ್ಯತ್ಯಾಸ ಇದೇ.

ಮನುಷ್ಯನ ನೆನಪೇ ಅಡ್ಡ ಬರುವುದೂ ಉಂಟು. ಯುರೋಪಿನ ಒಬ್ಬಾತ 2013ರಲ್ಲಿ ರೋಬೋಫಾರ್ಮ್ ಎಂಬ ತಂತ್ರಾಂಶದಿಂದ 20 ಅಕ್ಷರದ ಪಾಸ್‌ವರ್ಡ್ ಹುಟ್ಟಿಸಿ, 43.6 ಬಿಟ್‌ಕಾಯಿನ್ ಇದ್ದ ತಿಜೋರಿಗೆ ಹಾಕಿದ. ಆಮೇಲೆ ಅದನ್ನು ಕಳೆದುಕೊಂಡ. ಇಪ್ಪತ್ತು ಅಕ್ಷರವನ್ನು ಊಹಿಸುವುದು ಯಾರಿಂದಲೂ ಆಗದು. ಆದರೆ ಗಣಕ ತಜ್ಞ ಜೋ ಗ್ರ್ಯಾಂಡ್ ಮತ್ತು ಅವರ ಗೆಳೆಯ ಆ ತಂತ್ರಾಂಶದ ಹಳೆಯ ಆವೃತ್ತಿಯನ್ನು ಬಿಚ್ಚಿ ನೋಡಿದಾಗ, ಅದರ ‘ಯಾದೃಚ್ಛಿಕ’ ಅಕ್ಷರಗಳು ಗಣಕದ ಗಡಿಯಾರದಿಂದ ಬರುತ್ತಿದ್ದವು ಎಂದು ತಿಳಿಯಿತು. ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದರೆ ಅದೇ ಪಾಸ್‌ವರ್ಡ್ ಮತ್ತೆ ಹುಟ್ಟುತ್ತದೆ. ಎಷ್ಟು ಹುಡುಕಿದರೂ ಮೊದಲು ಸಿಗಲಿಲ್ಲ, ಯಾಕೆಂದರೆ ಅದರಲ್ಲಿ ವಿಶೇಷ ಚಿಹ್ನೆಗಳಿದ್ದವೆಂದು ಆತ ನಂಬಿದ್ದ. ಚಿಹ್ನೆಗಳನ್ನು ಬಿಟ್ಟು ಹುಡುಕಿದಾಗ 2013ರ ಮೇ 15ರಂದು ಹುಟ್ಟಿದ ಪಾಸ್‌ವರ್ಡ್ 2023ರ ನವೆಂಬರಿನಲ್ಲಿ ಸಿಕ್ಕಿತು.

ಇದೆಲ್ಲ ಕೈಯಲ್ಲಿರುವ ಕಡತದ ಮಾತು. ದೂರದ ಸರ್ವರಿನಲ್ಲಿರುವ ಖಾತೆಯ ಪಾಸ್‌ವರ್ಡನ್ನು ನಿಮ್ಮ ಗಣಕದ ತಂತ್ರಾಂಶ ಹುಡುಕಲಾರದು. ಐದಾರು ತಪ್ಪು ಊಹೆಗೆ ಖಾತೆ ಮುಚ್ಚಿಕೊಳ್ಳುತ್ತದೆ. ಅಲ್ಲಿರುವುದು ಹಳೆಯದನ್ನು ಬಿಟ್ಟು ಹೊಸದು ಮಾಡಿಕೊಳ್ಳುವ ದಾರಿ, ಅದು ಸಾಗುವುದು ಮೊಬೈಲಿಗೆ ಬರುವ ಒಟಿಪಿ ಮೂಲಕ. ಆಗ ಫೋನ್ ನಂಬರೇ ನಿಜವಾದ ಪಾಸ್‌ವರ್ಡ್. ಅವಸರದಲ್ಲಿ ಅಂಗಡಿಯವರ ನಂಬರನ್ನೇ ಕೊಟ್ಟು ಅರ್ಜಿ ತುಂಬಿಸಿದವರು ತಮ್ಮ ಖಾತೆಯ ಒಡೆತನವನ್ನೂ ಅಲ್ಲೇ ಬಿಟ್ಟು ಬಂದಂತೆ. ಇನ್ನೊಬ್ಬರ ಹೆಸರಿನಲ್ಲಿ ಆನ್‌ಲೈನ್ ವ್ಯವಹಾರ ನಡೆದರೆ ಏನಾಗಬಹುದೆಂದು ಆಳಂದದವರಿಗೆ ಹೇಳಬೇಕಾಗಿಲ್ಲ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಈ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರು ತೆಗೆಸಲು 6,018 ಆನ್‌ಲೈನ್ ಅರ್ಜಿಗಳು ಬಂದಿದ್ದವು. ಪರಿಶೀಲನೆಯಲ್ಲಿ ಸರಿಯೆನಿಸಿದ್ದು 24. ಅರ್ಜಿದಾರರೆಂದು ಹೆಸರಿದ್ದ ಕೆಲವರು ತಮಗೆ ಅದರ ಸುಳಿವೇ ಇಲ್ಲ ಎಂದರು. ಆ ವರ್ಷದ ಫೆಬ್ರುವರಿಯಲ್ಲಿ ಆಳಂದದಲ್ಲಿ ಪ್ರಕರಣ ದಾಖಲಾಯಿತು.

ಹುಡುಕುವ ಹಕ್ಕು ಯಾರಿಗೆ ಎಂಬ ಪ್ರಶ್ನೆಯೂ ನಮ್ಮ ರಾಜ್ಯದಲ್ಲೇ ಎದ್ದಿದೆ. 2021ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ನೀಡಿದ ತೀರ್ಪಿನ ಪ್ರಕಾರ, ಆರೋಪಿ ಪಾಸ್‌ವರ್ಡ್ ಕೊಡಲು ಒಪ್ಪದಿದ್ದರೆ ತನಿಖಾಧಿಕಾರಿ ನ್ಯಾಯಾಲಯದಿಂದ ಶೋಧನಾ ವಾರಂಟ್ ಪಡೆಯಬೇಕು. ಫೋನ್ ತಯಾರಿಸಿದವರೂ ನೆರವಾಗದಿದ್ದರೆ ಅದನ್ನು ಭೇದಿಸಿ ತೆರೆಯಲು ನ್ಯಾಯಾಲಯ ಅನುಮತಿ ಕೊಡಬಹುದು. ಪೊಲೀಸರಿಗೇ ಇಷ್ಟು ಮೆಟ್ಟಿಲು. ಸಾಮಾನ್ಯರು ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ.

ಮತ್ತೆ ಇ-ಆಧಾರ್ ಕಡತಕ್ಕೆ ಬರೋಣ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಸಲಹೆ ಹೊರಡಿಸಿತ್ತು: ಸಾರ್ವಜನಿಕ ಗಣಕದಲ್ಲಿ ಇ-ಆಧಾರ್ ಇಳಿಸಿಕೊಳ್ಳಬೇಡಿ, ಇಳಿಸಿಕೊಂಡರೆ ಪೂರ್ತಿ ಅಳಿಸಿ ಬನ್ನಿ. ಆಧಾರ್ ಪ್ರತಿಗಳ ಬಗ್ಗೆ ಅದೇ ಪ್ರಕಟಣೆಯಲ್ಲಿದ್ದ ಮಾತು ಗದ್ದಲ ಎಬ್ಬಿಸಿ, ಎರಡೇ ದಿನಕ್ಕೆ ಇಡೀ ಪ್ರಕಟಣೆ ವಾಪಸಾಯಿತು. ಅಳಿಸಿ ಬನ್ನಿ ಎಂಬ ಮಾತು ಮಾತ್ರ ಸರಿಯಾಗಿಯೇ ಇತ್ತು. ಮುಂದಿನ ಸಲ ಆನ್‌ಲೈನ್ ಅಂಗಡಿಗೆ ಹೋದಾಗ ಪ್ರಿಂಟ್ ಕೈಗೆ ಬಂದ ಮೇಲೆ ಕಡತವನ್ನು ಡೌನ್‌ಲೋಡ್ಸ್‌ನಿಂದಲೂ ರೀಸೈಕಲ್ ಬಿನ್‌ನಿಂದಲೂ ತೆಗೆಸಿ, ಅರ್ಜಿಗೆ ನಿಮ್ಮದೇ ನಂಬರ್ ಕೊಡಿ, ಪಾಸ್‌ವರ್ಡನ್ನು ಹಾಳೆಯಲ್ಲಿ ಬರೆದು ಮಾರ್ಕ್ಸ್ ಕಾರ್ಡಿನ ಜೊತೆ ಮನೆಯ ಟ್ರಂಕಿನಲ್ಲಿಡಿ. ಅಲ್ಲಿಗೆ ಯಾವ ಹ್ಯಾಶ್‌ಕ್ಯಾಟೂ ಬರುವುದಿಲ್ಲ.